ಗೋಡೆಗೆ ಹೋಗಬೇಕಾಗಿದ್ದ ಬೆಳ್ಳಿ ಕಾರು

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೂ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಮ್ಮ ಮನೆಯ ಟರ್ಕಿ ಕೋಳಿ ಒಲೆಯೊಳಗೇ ಒಣಗಿ ಕೊರಡಾಗಿ ಹೋಗಲಿ. ಇದಕ್ಕಿಂತ ದೊಡ್ಡ ಆಣೆಯನ್ನು ಡಂಕರ್ಸ್ ಕ್ರೀಕ್‌ನಲ್ಲಿ ಯಾರೂ ಇಡುವುದಿಲ್ಲ. ನೀವು ಕೇಳಿದ್ದು ಸಣ್ಣ ಪ್ರಶ್ನೆ, ಒಪ್ಪುತ್ತೇನೆ. ಹೌದು ಅಂತಲೋ ಇಲ್ಲ ಅಂತಲೋ ಒಂದು ಮಾತಿನಲ್ಲಿ ಮುಗಿಸಬಹುದು. ಆದರೆ ಒಂದು ಮಾತಿನಲ್ಲಿ ಮುಗಿಸುವವರಿಗೆ ವಿಷಯ ಗೊತ್ತಿರುವುದಿಲ್ಲ. ಈ ಬೇಲಿಗೆ ಹೀಗೆ ಒರಗಿಕೊಳ್ಳಿ. ಬಣ್ಣ ಒಣಗಿದೆ, ಹೆದರಬೇಡಿ.

ಎಲ್ಲದಕ್ಕೂ ಮೂಲ ಒಂದು ಬಿಲ್ಲೆ. ಕೊರಳಿಗೆ ಹಾಕಿಕೊಳ್ಳುವ, ಫೋಟೋ ಇರುವ ಗುರುತಿನ ಬಿಲ್ಲೆ. ಅದನ್ನು ಎಲ್ವುಡ್ ಟ್ರೆಂಬ್ಲಿ ಆ ದಿನ ಬೆಳಿಗ್ಗೆ ಮನೆಯಲ್ಲಿ ಮರೆತು ಹೋದ.

ಎಲ್ವುಡ್ ಕೆಲಸ ಮಾಡುವುದು ಊರಾಚೆಯ ವಾಹನ ಸುರಕ್ಷತಾ ಕೇಂದ್ರದಲ್ಲಿ. ಊರವರ ಬಾಯಲ್ಲಿ ಅದರ ಹೆಸರು 'ಗೋಡೆ'. ಹೊಸ ಕಾರು ತರುತ್ತಾರೆ, ಒಳಗೆ ಆಳೆತ್ತರದ ಗೊಂಬೆಯನ್ನು ಕೂರಿಸಿ ಬೆಲ್ಟು ಕಟ್ಟುತ್ತಾರೆ, ಎಳೆದುಕೊಂಡು ಹೋಗಿ ಗೋಡೆಗೆ ಗುದ್ದಿಸುತ್ತಾರೆ. ಆಮೇಲೆ ಗೊಂಬೆಯ ಕೈಕಾಲು ಎಲ್ಲೆಲ್ಲಿವೆ ಎಂದು ನೋಡಿ, ಕಾರು 'ಉತ್ತಮ', 'ಪರವಾಗಿಲ್ಲ', 'ಕಳಪೆ' ಎಂದು ಸಾರುತ್ತಾರೆ. ನಮ್ಮ ಹಳೇ ಶಾಲೆಯ ಮೇಡಂ ಕೂಡ ಹೀಗೇ ಇದ್ದರು. ಮೊದಲು ಬಾರಿಸುವುದು, ಆಮೇಲೆ ಅಂಕ ಕೊಡುವುದು.

ಅಲ್ಲಿ ಎಲ್ವುಡ್‌ನ ಕೆಲಸ ಕಾರು ಕೊಂಡು ತರುವುದು. ಕೇಳುವುದಕ್ಕೆ ಸುಲಭ. ಆದರೆ 'ಗೋಡೆಯಿಂದ ಬಂದಿದ್ದೇನೆ' ಎಂದು ಹೇಳುವ ಹಾಗಿಲ್ಲ. ಹೇಳಿದರೆ ಕಂಪನಿಯವರು ಒಳಗೊಳಗೇ ಗಟ್ಟಿ ಮಾಡಿದ ಕಾರು ಕೊಟ್ಟುಬಿಡಬಹುದಲ್ಲ? ಹಾಗಾಗಿ ಎಲ್ಲರಂತೆ ಅಂಗಡಿಗೆ ಹೋಗಿ, ಎಲ್ಲರಂತೆ ಚೌಕಾಸಿ ಮಾಡಿ, ನಿಂತಿರುವ ಕಾರನ್ನು ನಿಂತ ಹಾಗೇ ತರಬೇಕು. ಒಂದು ಸ್ಕ್ರೂ ಹೆಚ್ಚಾಗಬಾರದು, ಒಂದು ಸ್ಕ್ರೂ ಕಡಿಮೆಯಾಗಬಾರದು. ಯಾವ ಕಾರು ಎಂದು ಫಲಿತಾಂಶ ಬರುವವರೆಗೆ ಹೆಂಡತಿಗೂ ಹೇಳಬಾರದು. ಮತ್ತೆ ಪರೀಕ್ಷೆಯ ಹಿಂದಿನ ದಿನ ಸಂಜೆ ಐದಕ್ಕೆ ಕಾರು ಒಳಗಿರಬೇಕು, ಯಾಕೆಂದರೆ ಗೊಂಬೆಯೂ ಕಾರೂ ಒಂದು ರಾತ್ರಿ ಒಂದೇ ಬೆಚ್ಚನೆಯ ಕೋಣೆಯಲ್ಲಿ ಕಳೆಯಬೇಕಂತೆ. ಹಿಂದಿನ ಸಲ ಅವನು ತಡವಾಗಿ ತಂದಾಗ ಮೇಲಧಿಕಾರಿ ಪ್ರಿಸಿಲ್ಲಾ ವೋಟ್ ಹೇಳಿದ್ದರು: "ಮಿಸ್ಟರ್ ಟ್ರೆಂಬ್ಲಿ, ಇನ್ನೊಂದ್ ಸಲ ಹೀಗಾದ್ರೆ ನಿಮಗೆ ಗೊಂಬೆಗಳಿಗೆ ಚಡ್ಡಿ ಹಾಕೋ ಕೆಲಸ."

ಅದು ಬೆದರಿಕೆಯಲ್ಲ. ಅಂಥ ಕೆಲಸ ಅಲ್ಲಿ ನಿಜವಾಗಿಯೂ ಇದೆ.

ಆ ದಿನ ತರಬೇಕಾಗಿದ್ದದ್ದು ಫಿಂಚ್ ಎಂಬ ಸಣ್ಣ ಹೈಬ್ರಿಡ್ ಕಾರು. ಕೇಂದ್ರದ ವ್ಯಾನು ಅವನನ್ನು ಮನೆಯಿಂದಲೇ ಹತ್ತಿಸಿಕೊಂಡು ಪಕ್ಕದೂರಿನ ಅಂಗಡಿಯ ಹತ್ತಿರ ಇಳಿಸಿ ಹೋಯಿತು. ಮಾರುವ ಹುಡುಗ ಹಲ್ಲು ಕಿರಿದು ಕೇಳಿದ: "ಯಾರಿಗ್ ಸಾರ್ ಕಾರು?"

ಸುಳ್ಳು ಹೇಳುವುದು ಎಲ್ವುಡ್‌ನ ಉದ್ಯೋಗ, ಆದರೆ ಹದಿನೆಂಟು ವರ್ಷವಾದರೂ ಕಲಿತಿಲ್ಲ. ಕಿವಿ ಕೆಂಪಾಯಿತು. "ನ... ನನ್ ಹೆಂಡ್ತಿಗೆ."

"ಅಯ್ಯೋ, ಹೆಂಡ್ತಿಗೆ ಅಂದ್ಮೇಲೆ ಹಾಗೇ ಕಳಿಸ್ತೀವಾ?" ಎಂದು ಹುಡುಗ ಒಳಗೋಡಿ, ಎಮ್ಮೆಯ ತಲೆಯಷ್ಟು ದೊಡ್ಡ ಕೆಂಪು ರಿಬ್ಬನ್ ಹೂವನ್ನು ತಂದು ಕಾರಿನ ನೆತ್ತಿಗೆ ಬಿಗಿದ. ಬೇಡ ಎಂದರೆ ಅನುಮಾನ ಬರುತ್ತದೆ. ಎಲ್ವುಡ್ ನಕ್ಕ. ದಾರಿಯಲ್ಲಿ ನಿಲ್ಲಿಸಿ ಬಿಚ್ಚಲು ನೋಡಿದ, ಗಂಟು ಜಗ್ಗಲಿಲ್ಲ. ಇರಲಿ, ಗೋಡೆಯಲ್ಲಿ ಕತ್ತರಿ ಇದೆ ಎಂದುಕೊಂಡು ಹೊರಟ.

ಗೋಡೆಯ ಮುಂಬಾಗಿಲಲ್ಲಿ ಕಾವಲುಗಾರ ಫೆರಿಸ್ ಕೈ ಚಾಚಿದ. "ಬಿಲ್ಲೆ."

ಎಲ್ವುಡ್ ಕೊರಳು ಮುಟ್ಟಿಕೊಂಡ. ಜೇಬು ಮುಟ್ಟಿಕೊಂಡ. "ಮನೇಲಿ ಬಿಟ್ಟ್ ಬಂದಿದೀನಿ. ಬಾಗ್ಲು ತೆಗಿ ಫೆರಿಸ್."

"ತಾವು ಯಾರು ಅಂತ ನನಗೆ ಗೊತ್ತಿಲ್ಲ ಸಾರ್."

"ಫೆರಿಸ್! ನಿನ್ನೆ ರಾತ್ರಿ ನಮ್ಮನೇಲಿ ಊಟ ಮಾಡಿದೀಯ ಕಣೋ!"

"ಮಾಡಿದೀನಿ. ನೀವು ಅಲ್ಲಿ ನನ್ನ ಬಿಲ್ಲೆ ಕೇಳಿದ್ರಾ? ಇಲ್ಲ. ಅದು ಮನೆ. ಇದು ಡ್ಯೂಟಿ."

ಗಂಟೆ ಇನ್ನೂ ಹನ್ನೊಂದು. ಮನೆಗೆ ಹೋಗಿ ಬಿಲ್ಲೆ ತರುವುದಕ್ಕೆ ಎಷ್ಟು ಹೊತ್ತು? ಕಾರಿಗೆ ಸದ್ದೇ ಇಲ್ಲ, ಬೆಕ್ಕಿನ ಹಾಗೆ ಹೋಗಿ ಬೆಕ್ಕಿನ ಹಾಗೆ ಬಂದುಬಿಡಬಹುದು ಎಂದು ಎಲ್ವುಡ್ ಲೆಕ್ಕ ಹಾಕಿದ. ಅವನ ಲೆಕ್ಕದಲ್ಲಿ ತಪ್ಪಾಗಿದ್ದು ಅಲ್ಲೇ. ಹದಿನಾಲ್ಕು ವರ್ಷದಿಂದ ಅವನ ಹಳೇ ಪಿಕಪ್ಪು ಓಣಿಗೆ ಬರುವುದೆಂದರೆ ತಗಡಿನ ಡಬ್ಬಿಗಳು ಮೆಟ್ಟಿಲಿಳಿದ ಹಾಗೆ. ಆ ಸದ್ದಿಗೆ ಓಣಿ ಒಗ್ಗಿಹೋಗಿತ್ತು, ನಾಯಿಗಳೂ ಕಣ್ಣು ತೆರೆಯುತ್ತಿರಲಿಲ್ಲ. ಈಗ ಸದ್ದೇ ಇಲ್ಲದೆ ಒಂದು ಕಾರು, ತಲೆಯ ಮೇಲೆ ಕೆಂಪು ಹೂವಿಟ್ಟುಕೊಂಡು, ಕಳ್ಳನಂತೆ ತೆವಳಿಕೊಂಡು ಬಂದದ್ದೇ ತಡ, ಓಣಿಯ ಅಷ್ಟೂ ನಾಯಿಗಳು ಒಟ್ಟಿಗೆ ಬೊಗಳಿದವು. ಅಷ್ಟೂ ಪರದೆಗಳು ಸರಿದವು.

ಮನೆಯ ಬಾಗಿಲು ತೆರೆದು ವರ್ನಾ ಹೊರಗೆ ಬಂದಳು. ಎಲ್ವುಡ್‌ನ ಹೆಂಡತಿ. ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಕಾರು ನೋಡಿದಳು. ಹೂವು ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಎಲ್ವುಡ್! ಬೆಳಿಗ್ಗೆಯಿಂದ ನಿನ್ನನ್ನ ಎಷ್ಟ್ ಬೈಕೊಂಡೆ ಗೊತ್ತಾ!"

"ಯಾಕೆ?"

"ಒಂದು ಮಾತೂ ಆಡ್ದೆ ಎದ್ದು ಹೋದ್ಯಲ್ಲ, ಮರ್ತೇ ಬಿಟ್ಟಿದಾನೆ ಅಂದ್ಕೊಂಡೆ! ನೋಡಿದ್ರೆ... ಬೆಳ್ಳಿ! ಇಪ್ಪತ್ತೈದನೇ ವರ್ಷಕ್ಕೆ ಬೆಳ್ಳಿ ಬಣ್ಣದ್ದು!"

ಆಗ ಎಲ್ವುಡ್‌ಗೆ ಹೊಳೆಯಿತು, ಅವತ್ತು ತಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ಬಿಲ್ಲೆಯ ಜೊತೆಗೆ ಅವನು ಇದನ್ನೂ ಮರೆತಿದ್ದ.

ನಿಜ ಹೇಳೋಣವೆಂದರೆ, ಮೊದಲು 'ಇದು ನಿನಗಲ್ಲ' ಅನ್ನಬೇಕು, ಆಮೇಲೆ 'ನಾನು ಮರೆತಿದ್ದೆ' ಅನ್ನಬೇಕು, ಅದಾದ ಮೇಲೆ ಗೋಡೆಯ ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಗೊಂಬೆಗಳಿಗೆ ಚಡ್ಡಿ ಹಾಕಬೇಕು. ಆ ಕಡೆ ಪ್ರಿಸಿಲ್ಲಾ, ಈ ಕಡೆ ವರ್ನಾ, ನಡುವೆ ಬೆಲ್ಟು ಕಟ್ಟದ ಗೊಂಬೆಯಂತೆ ತಾನು. ಎಲ್ವುಡ್ ಬಾಯಿ ತೆರೆದ. ಬಂದದ್ದು ಇಷ್ಟೇ: "ಹ್ಯಾಪಿ... ಬೆಳ್ಳಿ."

ಹೇಗಾದರೂ ಐದರೊಳಗೆ, ಏನೂ ಮುಕ್ಕಾಗದಂತೆ, ಕಾರನ್ನು ಗೋಡೆಗೆ ಸೇರಿಸಬೇಕು. ವರ್ನಾಗೆ ಏನಾದರೊಂದು ಕತೆ ನಾಳೆ ಹೇಳಿದರಾಯಿತು.

ಅಷ್ಟರಲ್ಲಿ ವರ್ನಾಳ ತಾಯಿ ಓಪಲ್ ಕೋಲೂರಿಕೊಂಡು ಬಂದಾಗಿತ್ತು. ಎಂಬತ್ತು ದಾಟಿದ ಮುದುಕಿ, ನಾಲಿಗೆಗೆ ಮಾತ್ರ ಇನ್ನೂ ಹದಿನೆಂಟು. ಕೋಲಿನಿಂದ ಚಕ್ರಕ್ಕೆ ಎರಡು ತಿವಿದಳು. "ಇಷ್ಟ್ ವರ್ಷದಲ್ಲಿ ಒಂದು ಚಮಚ ತಂದ್ ಕೊಟ್ಟೋನಲ್ಲ. ಇದರ ಹಿಂದೆ ಏನೋ ಇದೆ."

"ಅಮ್ಮಾ, ಸುಮ್ನಿರು."

"ಸತ್ತಿದೆ ಇದು. ಸದ್ದೇ ಇಲ್ಲ."

"ಓಡ್ತಾ ಇದೆ ಅಮ್ಮಾ," ಎಂದ ಎಲ್ವುಡ್. "ಹೈಬ್ರಿಡ್. ನಿಂತಾಗ ಸುಮ್ನಿರತ್ತೆ."

"ನಿನ್ನ ಥರ," ಎಂದಳು ಓಪಲ್. "ನೀನು ಓಡುವಾಗ್ಲೂ ಹಾಗೇ."

ಇನ್ನು ರಾಸ್ಕೋ ಹಿಗ್ಡನ್ ಬಗ್ಗೆ ಹೇಳಬೇಕು. ಪಕ್ಕದ ಮನೆಯವನು. ಮೊದಲು ಬೆಸುಗೆ ಅಂಗಡಿ ಇಟ್ಟಿದ್ದ, ಈಗ ವಿಶ್ರಾಂತಿ. ಇಡೀ ಓಣಿಯಲ್ಲಿ ಅಷ್ಟು ತಿಳಿವಳಿಕೆಯ, ಅಷ್ಟು ಪರೋಪಕಾರಿಯಾದ, ಆ ವಯಸ್ಸಿಗೂ ಅಷ್ಟು ಲಕ್ಷಣವಾದ ಇನ್ನೊಬ್ಬ ಗಂಡಸಿಲ್ಲ. ಅಕ್ಕಪಕ್ಕದವರು ಏನೇ ಕೊಂಡು ತಂದರೂ ಕರೆಯದೇ ಬಂದು ನೋಡಿ ಹೇಳುವ ದೊಡ್ಡ ಗುಣ ಅವನದು. ಅವನು ಬಂದು, ಕಲ್ಲಂಗಡಿ ಹಣ್ಣಿಗೆ ಬಡಿಯುವ ಹಾಗೆ ಕಾರಿನ ಮೂತಿಗೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿದ.

"ತೆಳು," ಎಂದ. "ಪಾಪ್‌ಕಾರ್ನ್ ಡಬ್ಬ ಇದ್ದ ಹಾಗಿದೆ. ಇದರಲ್ಲಿ ಕೂತು ಯಾರಿಗಾದ್ರೂ ಗುದ್ದಿದ್ರೆ ಏನೋ ಗತಿ ಎಲ್ವುಡ್ಡೂ?"

"ಅದನ್ನ ನಾಳೆ—" ಎಂದು ಎಲ್ವುಡ್ ನಾಲಿಗೆ ಕಚ್ಚಿಕೊಂಡ.

ರಾಸ್ಕೋ ನೆಲದ ಮೇಲೆ ಮಲಗಿ ಕಾರಿನ ಹಿಂಭಾಗದ ಕೆಳಗೆ ಇಣುಕಿದ. ಎದ್ದಾಗ ಮುಖದಲ್ಲಿ ನಿಜವಾದ ನೋವಿತ್ತು. "ಹಿಂದೆ ಗಾಡಿ ಕಟ್ಟಿ ಎಳೆಯೋ ಕೊಂಡಿ ಇಲ್ವಲ್ಲೋ!"

"ಕೊಂಡಿ ಬೇಡ ರಾಸ್ಕೋ."

"ಕೊಂಡಿ ಬೇಡ್ವಾ? ದೋಣಿ ಎಳೆಯೋದು ಹೇಗೆ?"

"ನನ್ ಹತ್ರ ದೋಣಿ ಇಲ್ಲ."

"ಕೊಂಡಿ ಇದ್ರೆ ತಾನೇನೋ ದೋಣಿ ಬರೋದು!"

ಎಲ್ವುಡ್ ಬಿಲ್ಲೆ ಹುಡುಕಲು ಒಳಗೆ ಓಡಿದ. ಮೇಜಿನ ಮೇಲೆ ಇಲ್ಲ, ಹಾಸಿಗೆ ಕೆಳಗೆ ಇಲ್ಲ, ಫ್ರಿಜ್ಜಿನಲ್ಲೂ ನೋಡಿದ. ಬರಿಗೈಯಲ್ಲಿ ಹೊರಗೆ ಬಂದರೆ ವರ್ನಾ ಆಗಲೇ ಚಾಲಕರ ಸೀಟಿನಲ್ಲಿ ಕೂತಿದ್ದಳು. ಕೀಲಿ ಅವಳ ಕೈಯಲ್ಲಿ. ಪಕ್ಕದಲ್ಲಿ ಓಪಲ್.

"ಹತ್ತು ಎಲ್ವುಡ್. ಇವತ್ತು ಚರ್ಚಲ್ಲಿ ಹೆಂಗಸರ ಊಟ ಇದೆ. ಎಲ್ರಿಗೂ ತೋರಿಸ್ಬೇಕು."

"ನಾಳೆ ತೋರ್ಸೋಣ ವರ್ನಾ."

ನಾಳೆ ಆ ಕಾರು ಈಗಿರುವುದಕ್ಕಿಂತ ಮೂರಡಿ ಗಿಡ್ಡವಾಗಿರುತ್ತದೆ ಎಂಬುದು ಅವನಿಗೆ ಮಾತ್ರ ಗೊತ್ತಿತ್ತು.

"ಮದ್ವೆ ದಿನ ಇವತ್ತು, ನಾಳೆ ಅಲ್ಲ," ಎಂದು ವರ್ನಾ ಚೀಸು ಹಾಕಿ ಬೇಯಿಸಿದ ಬಿಸಿಬಿಸಿ ಆಲೂಗಡ್ಡೆ ಕ್ಯಾಸರೋಲಿನ ಗಾಜಿನ ತಟ್ಟೆಯನ್ನು ಹಿಂದಿನ ಸೀಟಿನಲ್ಲಿ ಕೂತ ಅವನ ತೊಡೆಯ ಮೇಲಿಟ್ಟಳು. ಹಾಡು ಕೇಳಬೇಕೆಂದು ಅವನ ಫೋನನ್ನು ಇಸಿದುಕೊಂಡು ಕಾರಿಗೆ ಜೋಡಿಸಿದಳು. ದಾರಿಯುದ್ದಕ್ಕೂ ಎಲ್ವುಡ್ ಹಿಂದಿನಿಂದ ಬೇಡಿಕೊಳ್ಳುತ್ತಿದ್ದ: "ನಿಧಾನ... ಗುಂಡಿ... ಆ ಟ್ರಕ್ಕಿಂದ ದೂರ..."

"ಇವನೇನು, ಮೊಟ್ಟೆ ಮೇಲೆ ಕೂತಿದಾನಾ?" ಎಂದಳು ಓಪಲ್.

ಕೆರೆಯ ತಿರುವಿನಲ್ಲಿ ಹೆಬ್ಬಾತುಗಳ ಸಂಸಾರವೊಂದು ರಸ್ತೆ ದಾಟುತ್ತಿತ್ತು. ವರ್ನಾ ಬ್ರೇಕು ತುಳಿದಳು. ಕಾರು ನಿಂತಿತು, ಎಲ್ವುಡ್‌ನನ್ನು ಬೆಲ್ಟು ಹಿಡಿಯಿತು. ಆದರೆ ಕ್ಯಾಸರೋಲಿಗೆ ಯಾರೂ ಬೆಲ್ಟು ಕಟ್ಟಿರಲಿಲ್ಲ. ಅದು ಎರಡು ಸೀಟುಗಳ ನಡುವಿನಿಂದ ಹಾರಿ, ಓಪಲ್‌ಳ ಕಿವಿಯ ಪಕ್ಕ ಹಾದು, ಮುಂದಿನ ಗಾಜಿಗೆ ಬಡಿಯಿತು. ಆಲೂಗಡ್ಡೆಯೂ ಚೀಸೂ ಗಾಳಿ ಬರುವ ಕಿಂಡಿಗಳೊಳಗೆ ಮೆಲ್ಲಗೆ ಇಳಿದುಹೋದವು. ಎಲ್ವುಡ್‌ನ ವೃತ್ತಿಬುದ್ಧಿ ತಾನಾಗಿಯೇ ಗುರುತು ಹಾಕಿಕೊಂಡಿತು: ಹಿಂದಿನ ಸೀಟಿನ ಪ್ರಯಾಣಿಕ, ತಲೆಗೆ ಪೆಟ್ಟು, ಕಳಪೆ.

"ಬ್ರೇಕು ಚೆನ್ನಾಗಿದೆ ಅಲ್ವಾ!" ಎಂದಳು ವರ್ನಾ ಖುಷಿಯಿಂದ.

ಚರ್ಚಿನ ಕೆಳಗಿನ ಊಟದ ಹಾಲಿನಲ್ಲಿ ಎಲ್ವುಡ್‌ನನ್ನು ಹೆಂಗಸರು ಮುತ್ತಿಕೊಂಡರು. "ಇಂಥಾ ಗಂಡ ಇರ್ಬೇಕು ಕಣ್ರೀ," ಎಂದಳು ಒಬ್ಬಳು. "ನಮ್ಮೋನು ಇಪ್ಪತ್ತೈದಕ್ಕೆ ಒಂದು ಹಿಟ್ಟಿನ ಸೌಟು ಕೊಟ್ಟ." ಸೇಬಿನ ಕಡುಬು ಅವನ ತಟ್ಟೆಗೆ ಮೇಲಿಂದ ಮೇಲೆ ಬಿತ್ತು. ಎರಡು ತುತ್ತು ಒಳಗೆ ಹೋದ ಮೇಲೆ ಅವನಿಗೂ ಸ್ವಲ್ಪ ಧೈರ್ಯ ಬಂತು. ಆಲೂಗಡ್ಡೆ ತೊಳೆಯಬಹುದು. ಹೂವು ಕತ್ತರಿಸಬಹುದು. ಇನ್ನೂ ಗಂಟೆ ಎರಡು. ಎಲ್ಲಾ ಸರಿಹೋಗುತ್ತದೆ ಎಂದುಕೊಳ್ಳುತ್ತ ಕಿಟಕಿಯಲ್ಲಿ ನೋಡಿದ.

ಕಾರು ಇರಲಿಲ್ಲ.

ಅವನು ಮೆಟ್ಟಿಲು ಹತ್ತಿದ ವೇಗಕ್ಕೆ ಕಡುಬು ತಟ್ಟೆಯಲ್ಲೇ ಹಿಂದೆ ಉಳಿಯಿತು. ಹಿಂದೆಯೇ ವರ್ನಾ ಬಂದಳು, ನಗುತ್ತ. "ಹೆದರ್ಬೇಡ, ರಾಸ್ಕೋ ಬಂದಿದ್ದ, ಕೀಲಿ ಕೊಟ್ಟಿದೀನಿ. ನಮಗೇನೋ ಉಡುಗೊರೆ ಕೊಡ್ತಾನಂತೆ."

ಎಲ್ವುಡ್ ಚರ್ಚಿನ ಮೆಟ್ಟಿಲ ಮೇಲೆ ಕೂತ. ಜೀವನದಲ್ಲಿ ಅಷ್ಟು ಭಕ್ತಿಯಿಂದ ಅವನು ಅಲ್ಲಿ ಹಿಂದೆಂದೂ ಕೂತಿರಲಿಲ್ಲ.

ಗಂಟೆಯಾದ ಮೇಲೆ ಕಾರು ಬಂತು. ರಾಸ್ಕೋ ಇಳಿದು, ತಾನು ಬರೆದ ಚಿತ್ರದ ಪರದೆ ಸರಿಸುವ ಕಲಾವಿದನಂತೆ ಹಿಂಬದಿಗೆ ಕೈ ತೋರಿಸಿದ. ಅಲ್ಲಿ, ಪುಟ್ಟ ಬೆಳ್ಳಿ ಕಾರಿನ ಬೆನ್ನಿಗೆ, ಎತ್ತಿನ ಗಾಡಿಯನ್ನೇನು, ಎತ್ತುಗಳ ಸಮೇತ ದೊಡ್ಡಿಯನ್ನೇ ಎಳೆಯಬಲ್ಲ ಕಬ್ಬಿಣದ ಕೊಂಡಿ. ತುದಿಯಲ್ಲಿ ಕಿತ್ತಳೆ ಗಾತ್ರದ ಗುಂಡು, ಫಳಫಳ ಹೊಳೆಯುತ್ತಿತ್ತು.

"ಜಾಸ್ತಿ ಏನಿಲ್ಲ," ಎಂದ ರಾಸ್ಕೋ ವಿನಯದಿಂದ. "ನಾಲ್ಕು ತೂತು ಕೊರೆದೆ. ಒಂದು ಕಬ್ಬಿಣದ ಪಟ್ಟಿ ಅಡ್ಡ ಬರ್ತಿತ್ತು, ಅದನ್ನ ಕತ್ತರಿಸಿ ಬಿಸಾಕ್ದೆ. ಯಾವನೋ ಸುಮ್ಮನೆ ಹಾಕಿದ್ದ."

ಎಲ್ವುಡ್‌ನ ಬಾಯಿಂದ ಒಂದು ತೆಳುವಾದ ಸದ್ದು ಹೊರಟಿತು, ಬಲೂನಿನಿಂದ ಗಾಳಿ ಹೋದ ಹಾಗೆ. ಆನಂದಕ್ಕೆ ಮಾತು ಹೊರಡುತ್ತಿಲ್ಲ ಎಂದು ರಾಸ್ಕೋ ತಿಳಿದ. ಸಜ್ಜನರು ಹಾಗೇ ತಿಳಿಯುವುದು.

"ವರ್ನಾ," ಎಂದ ಎಲ್ವುಡ್ ಕೊನೆಗೆ. "ನೀನು ರಾಸ್ಕೋ ಜೊತೆ ಮನೆಗೆ ಹೋಗು. ನಾನು ಕಾರು ತೊಳೆಸ್ಕೊಂಡು ಬರ್ತೀನಿ."

"ನೀನು? ಹದಿನಾಲ್ಕು ವರ್ಷ ಆ ಪಿಕಪ್ಪನ್ನ ಮಳೆ ಬಿಟ್ರೆ ಯಾರೂ ತೊಳ್ದಿಲ್ಲ. ಇವತ್ತೇನು?" ಎಂದು ವರ್ನಾ ಕೀಲಿಯನ್ನು ಮುಷ್ಟಿಯಲ್ಲೇ ಇಟ್ಟುಕೊಂಡಳು. ಹೆಂಗಸರಿಗೆಲ್ಲ ಒಂದು ಸುತ್ತು ಹಾಕಿಸುವುದಾಗಿ ಅವಳು ಮಾತು ಕೊಟ್ಟಾಗಿತ್ತು. ಐದು ಜನರ ಕಾರಿನಲ್ಲಿ ಏಳು ಜನ ತುಂಬಿಕೊಂಡರು. ಎಲ್ವುಡ್ ಹಿಂದಿನ ಸೀಟಿನಲ್ಲಿ, ಇಬ್ಬರು ದಪ್ಪ ಹೆಂಗಸರ ನಡುವೆ, ಬ್ರೆಡ್ಡಿನ ನಡುವಿನ ಹ್ಯಾಮಿನಂತೆ ಅಂಟಿಕೊಂಡಿದ್ದ. ಕೊಂಡಿ ರಸ್ತೆಯ ಪ್ರತಿಯೊಂದು ಉಬ್ಬಿಗೂ ನಮಸ್ಕಾರ ಮಾಡುತ್ತ ಬರುತ್ತಿತ್ತು.

ನಾಲ್ಕೂಕಾಲಕ್ಕೆ ಹಾಡು ನಿಂತು ಫೋನು ರಿಂಗಾಯಿತು. ಓಪಲ್ ಸುಮ್ಮನಿರುವವಳೇ? ಮುಂದೆ ಮಿನುಗುತ್ತಿದ್ದ ಹಸಿರು ಗುಂಡಿಯನ್ನು ಕೋಲಿನ ತುದಿಯಿಂದ ಒತ್ತಿದಳು. ಕಾರಿನ ಅಷ್ಟೂ ಸ್ಪೀಕರುಗಳಿಂದ ಪ್ರಿಸಿಲ್ಲಾ ವೋಟ್ ಮಾತಾಡಿದರು.

"ಮಿಸ್ಟರ್ ಟ್ರೆಂಬ್ಲಿ, ಎಲ್ಲಿದೀರಿ? ನಾನು ಕಾಯ್ತಾ ಇದೀನಿ. ಮುಂದಿನ ಬಾಗ್ಲು ಬೇಡ, ಹಿಂದಿನ ಬಾಗ್ಲಿಗೆ ಬನ್ನಿ, ನಾನೇ ತೆಗೀತೀನಿ. ಹೆಂಡ್ತಿಗೆ ಏನೂ ಹೇಳಿಲ್ಲ ತಾನೇ?"

ಫೋನು ಕಟ್ಟಾಯಿತು. ಹೈಬ್ರಿಡ್ ಕಾರು ಎಷ್ಟು ನಿಶ್ಶಬ್ದವಾಗಿ ಓಡುತ್ತದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

"ಗಂಟಲು ಚೆನ್ನಾಗಿದೆ," ಎಂದಳು ಓಪಲ್. "ಹಿಂದೆ ಏನೋ ಇದೆ ಅಂತ ನಾನ್ ಅಂದ್ನಲ್ಲ. ಹಿಂದಿನ ಬಾಗ್ಲೇ ಇದೆ."

"ವರ್ನಾ, ಅದು ಆಫೀಸು!"

"ಆಫೀಸಿಗೆ ಮುಂದಿನ ಬಾಗ್ಲು ಇಲ್ವಾ?"

"ಇದೆ, ಆದ್ರೆ ಬಿಲ್ಲೆ..."

"ದಾರಿ ಹೇಳು," ಎಂದಳು ವರ್ನಾ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವನು ಮದುವೆಯ ದಿನ ಬಿಟ್ಟರೆ ಕೇಳಿರಲಿಲ್ಲ.

ಹೀಗೆ ಬೆಳ್ಳಿ ಕಾರು ಐದಕ್ಕೆ ಇನ್ನೂ ಐದು ನಿಮಿಷವಿರುವಾಗ ಗೋಡೆಯ ಹಿಂಬಾಗಿಲಿಗೆ ಬಂತು. ಹಿಂದೆಯೇ ರಾಸ್ಕೋನ ಪಿಕಪ್ಪು. ಅವನು ಬಂದದ್ದು ಕುತೂಹಲದಿಂದಲ್ಲ, ಜವಾಬ್ದಾರಿಯಿಂದ. ಹೊಡೆದಾಟವಾದರೆ ಬಿಡಿಸಲು ಒಬ್ಬರು ಬೇಕಲ್ಲ.

ಬಾಗಿಲು ತೆರೆಯಿತು. ಅರವತ್ತರ ಹತ್ತಿರದ, ಸರಪಳಿ ಕನ್ನಡಕದ ಹೆಂಗಸೊಬ್ಬರು ನಿಂತಿದ್ದರು. ಕಂಕುಳಲ್ಲಿ ಒಂದು ಗೊಂಬೆಯ ತಲೆ. ಅದರ ಹಣೆಗೆ ನೀಲಿ ಬಣ್ಣ ಬಳಿಯುತ್ತಿದ್ದರು. ನಾಳೆ ತಲೆ ಎಲ್ಲಿ ಬಡಿಯಿತು ಎಂದು ಆ ಬಣ್ಣದ ಗುರುತಿನಿಂದ ತಿಳಿಯುತ್ತದೆ.

"ಇವಳಾ?" ಎಂದಳು ಓಪಲ್, ನಿರಾಸೆಯಿಂದ. ಆಮೇಲೆ ಕಂಕುಳಿನ ಕಡೆ ನೋಡಿ, "ಅದು ಯಾರು?" ಎಂದಳು.

ವರ್ನಾ ಇಳಿದಳು. "ನನ್ ಗಂಡನ ಹತ್ರ ನಿಮಗೇನ್ರೀ ಕೆಲಸ?"

"ನನಗೆ ನಿಮ್ ಗಂಡ ಬೇಡಮ್ಮಾ," ಎಂದರು ಪ್ರಿಸಿಲ್ಲಾ. "ಕಾರು ಬೇಕು. ಬೆಳಿಗ್ಗೆ ಇದನ್ನ ಗೋಡೆಗೆ ಗುದ್ದಿಸ್ಬೇಕು. ಬಿಲ್ಲೆ ಮರ್ತು ಬಂದಿದ್ರು ಅಂತ ಫೆರಿಸ್ ಹೇಳ್ದ, ಅದಕ್ಕೇ ಈ ಕಡೆ ಕರೆದೆ."

ವರ್ನಾ ನಿಧಾನವಾಗಿ ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಚರ್ಚಿಗೂ ಅದನ್ನು ಬಿಚ್ಚದೇ ಬಂದಿದ್ದಳು. ಜೇಬಿನಿಂದ ಹೊರಬಂದದ್ದು ಎಲ್ವುಡ್‌ನ ಬಿಲ್ಲೆ. "ಬೆಳಿಗ್ಗೆ ಬಚ್ಚಲಲ್ಲಿ ಸಿಕ್ತು. ನೀನು ಬಂದಾಗ ಕೊಡೋಣ ಅಂತಿದ್ದೆ. ಕಾರು ನೋಡಿ ಮರ್ತುಬಿಟ್ಟೆ." ಅವಳು ಬಿಲ್ಲೆಯನ್ನು ಅವನ ಕೈಗೆ ತುರುಕಿದಳು. "ಅಂದ್ರೆ... ಇದು ನನಗೆ ತಂದಿದ್ದಲ್ಲ."

ಎಲ್ವುಡ್ ನೆಲ ನೋಡಿದ. ಇಪ್ಪತ್ತೈದು ವರ್ಷ ಅವನ ತಲೆಯ ಮೇಲೆ ಆ ರಿಬ್ಬನ್ ಹೂವಿನಂತೆ ಕೂತಿತ್ತು, ಬಿಚ್ಚಲು ಬಾರದ ಗಂಟು.

ಪ್ರಿಸಿಲ್ಲಾ ಮಾತ್ರ ಕಾರಿನ ಸುತ್ತ ನಡೆಯುತ್ತಿದ್ದರು. ಕಿಂಡಿಯಲ್ಲಿ ಬೆರಳಿಟ್ಟರು, ಚೀಸು ಬಂತು. ನೆತ್ತಿಯ ಹೂವು ನೋಡಿದರು. ಇನ್ನೂ ಒಳಗಿಂದ ಇಳಿಯುತ್ತಲೇ ಇದ್ದ ಹೆಂಗಸರನ್ನು ನೋಡಿದರು. ಹಿಂಬದಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ಕಂಕುಳಿನ ತಲೆ ಕೂಡ ಬೆಚ್ಚಿದಂತೆ ಕಂಡಿತು.

"ಇದನ್ನ ಯಾರು ಕೊರೆದಿದ್ದು?"

ರಾಸ್ಕೋ ಟೋಪಿ ತೆಗೆದು ಮುಂದೆ ಬಂದ. ಹೊಗಳಿಸಿಕೊಳ್ಳುವಾಗ ಟೋಪಿ ತೆಗೆಯಬೇಕು, ಅದು ಮರ್ಯಾದೆ. "ನಾನೇ. ದುಡ್ಡು ಬೇಡ."

"ಮಿಸ್ಟರ್ ಟ್ರೆಂಬ್ಲಿ," ಎಂದರು ಪ್ರಿಸಿಲ್ಲಾ, "ಕೊರೆದ ಗಾಡಿ ನಮಗೆ ಪ್ರಯೋಜನ ಇಲ್ಲ. ಇದು ನಿಮ್ಮದು. ನಿಮ್ ಸಂಬಳದಲ್ಲಿ ಮುರ್ಕೊಳ್ತೀವಿ. ನಾಳೆ ಬೇರೆ ಫಿಂಚ್ ತನ್ನಿ. ಅದಾದ್ ಮೇಲೆ ಗೊಂಬೆ ಕೋಣೆಗೆ ಬನ್ನಿ, ಚಡ್ಡಿಗಳು ಕಪಾಟಲ್ಲಿವೆ." ಬಾಗಿಲು ಮುಚ್ಚಿತು.

ಎಲ್ವುಡ್‌ಗೆ ಬದುಕಿನಲ್ಲಿ ಒಂದೇ ಒಂದು ಸಲ ಸಮಯಕ್ಕೆ ಸರಿಯಾಗಿ ಬುದ್ಧಿ ಓಡಿತು. ವರ್ನಾ ಕಡೆ ತಿರುಗಿ ಎರಡೂ ಕೈ ಚಾಚಿದ. "ಕೇಳಿದ್ಯಾ? ಇದು ನಮ್ಮದಂತೆ! ಅಂದ್ರೆ ನಿಂದು!"

ವರ್ನಾ ಅವನನ್ನು ನೋಡಿದಳು, ಕಾರನ್ನು ನೋಡಿದಳು. ಮದುವೆಯಾಗಿ ಇಪ್ಪತ್ತೈದು ವರ್ಷವಾದ ಮೇಲೆ ಸಿಕ್ಕಿದ್ದು ಹೇಗೆ ಸಿಕ್ಕಿತು ಎಂದು ಹೆಣ್ಣು ಬಹಳ ಕೇಳುವುದಿಲ್ಲ. ಅವನ ಕೆನ್ನೆಗೆ ಮುತ್ತು ಕೊಟ್ಟಳು. ಚರ್ಚಿನ ಹೆಂಗಸರು ಚಪ್ಪಾಳೆ ತಟ್ಟಿದರು. ಓಪಲ್ ಕೂಡ ಕೋಲಿನಿಂದ ನೆಲ ಕುಟ್ಟಿದಳು. ಹೋಗಲಿ ಬಿಡು, ಚಡ್ಡಿ ಹಾಕಿಕೊಂಡಾದರೂ, ಅಂದರೆ ಗೊಂಬೆಗೆ, ಸುಖವಾಗಿರುತ್ತೇನೆ ಎಂದುಕೊಂಡ ಎಲ್ವುಡ್.

ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮರುದಿನ ಅವನು ಇನ್ನೊಂದು ಫಿಂಚ್ ತಂದ, ಅದನ್ನು ಗೋಡೆಗೆ ಗುದ್ದಿಸಿದರು, ಮುಂದಿನ ವಾರ ಅದು ಟೀವಿಯಲ್ಲಿ ಬಂತು. ವರ್ನಾ ಊಟದ ತಟ್ಟೆ ಹಿಡಿದು ನೋಡುತ್ತಿದ್ದಳು. ಕಾರು ಗೋಡೆಗೆ ಬಡಿದು ಅಕಾರ್ಡಿಯನ್ನಿನಂತೆ ಮಡಿಸಿಕೊಂಡಿತು. ಗೊಂಬೆಯ ಎಡಗಾಲು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಬಲಗಾಲನ್ನು ಇನ್ನೂ ಹುಡುಕುತ್ತಿದ್ದಾರೆ. 'ಕಳಪೆ' ಎಂದರೆ ಕಮ್ಮಿಯಾಗುತ್ತದೆಂದು ಅದಕ್ಕಿಂತ ಕೆಳಗೆ ಒಂದು ಹೊಸ ದರ್ಜೆಯನ್ನೇ ಮಾಡಿದರಂತೆ.

ವರ್ನಾ ತಟ್ಟೆ ಕೆಳಗಿಟ್ಟಳು. "ಎಲ್ವುಡ್. ನಿನ್ ಕೆಲಸ ಏನು?"

"ಕಾರಿನ ಸುರಕ್ಷತೆ..."

"ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದಕ್ಕೆ ಇದರಲ್ಲಿ ಕೂರಿಸಿದ್ಯಾ ನನ್ನನ್ನ?"

"ನಾನು ಆವಾಗ್ಲೇ ಹೇಳ್ಲಿಲ್ವಾ?" ಎಂದಳು ಓಪಲ್.

ಅಂದಿನಿಂದ ವರ್ನಾ ಅವನ ಹಳೇ ಪಿಕಪ್ಪಿನಲ್ಲಿ ಓಡಾಡುತ್ತಾಳೆ. ಎಲ್ವುಡ್ ಬೆಳ್ಳಿ ಕಾರಿನಲ್ಲಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಚಡ್ಡಿ ಕೆಲಸಕ್ಕೆ ಹೋಗುತ್ತಾನೆ. ಅದನ್ನು ಮಾರಿ ಹೆಂಡತಿಗೆ ಬೇರೆ ಏನಾದರೂ ಗಟ್ಟಿ ಗಾಡಿ ಕೊಡಿಸುವವರೆಗೆ ಅವನಿಗೆ ಸೋಫಾವೇ ಹಾಸಿಗೆ. ಪಾಪ, ಗಾಜಿಗೆ ಚೀಟಿ ಅಂಟಿಸಿ ಅಂಗಳದಲ್ಲಿ ನಿಲ್ಲಿಸಿದ್ದಾನೆ. ಯಾರು ಬಂದರೂ ಹೊರಟುಹೋಗುತ್ತಾರೆ. ಯಾಕೋ ಗೊತ್ತಿಲ್ಲ. ಅದೇ, ನೀವು ಈಗ ನೋಡುತ್ತಿದ್ದೀರಲ್ಲ, ಅದೇ ಕಾರು. 'ಈ ಕಾರು ಗಟ್ಟೀನಾ?' ಅಂತ ಕೇಳಿದಿರಲ್ಲ, ಅದಕ್ಕೇ ಇಷ್ಟೆಲ್ಲ—

"ರಾಸ್ಕೋ!" ಮನೆಯ ಜಗಲಿಯಿಂದ ಹೆಲ್ಮೆಟ್ ಹಾಕಿಕೊಂಡ ಎಲ್ವುಡ್ ಕೂಗಿದ. "ಮತ್ತೆ ಶುರು ಹಚ್ಕೊಂಡ್ಯಾ? ಹೋದ ವಾರದ ಗಿರಾಕೀನೂ ಹೀಗೇ ಓಡಿಸ್ದೆ ಕಣೋ!"

"ನಾನೇನೋ ಮಾಡ್ದೆ ಎಲ್ವುಡ್ಡೂ? ನಿನ್ ಪರವಾಗೇ ಮಾತಾಡ್ತಿದೀನಿ!... ಸಾರ್, ಎಲ್ಲಿಗೆ ಹೊರಟ್ರಿ? ನಿಲ್ಲಿ ಸಾರ್, ಮುಖ್ಯವಾದ್ದನ್ನ ನೋಡ್ಲೇ ಇಲ್ಲ ನೀವು! ಹಿಂದೆ ಬನ್ನಿ, ಕೊಂಡಿ ನೋಡಿ! ಬರೆದಿಟ್ಕೊಳ್ಳಿ ಬೇಕಾದ್ರೆ, ಇಡೀ ಕಾರು ಪುಡಿಪುಡಿಯಾಗಿ ನೀವು ಆ ಕಡೆ, ನಿಮ್ ಕಾಲು ಈ ಕಡೆ ಬಿದ್ರೂ, ಆ ಕೊಂಡಿ ಮಾತ್ರ ಒಂಚೂರೂ ಅಲ್ಲಾಡಲ್ಲ ಸಾರ್!"